ಗುಂಡನ ನೀರು

ಆ ಮನೆಯಲ್ಲಿ ಎರಡು ಬಗೆಯ ನೀರಿತ್ತು. ಒಂದು ಎಲ್ಲರ ನೀರು, ಇನ್ನೊಂದು ಗುಂಡನ ನೀರು.

ಎಲ್ಲರ ನೀರು ಸಾಲುಮನೆಯ ಕೊನೆಯಲ್ಲಿದ್ದ ನಲ್ಲಿಯಿಂದ ಬರುತ್ತಿತ್ತು. ಹತ್ತು ಕೋಣೆಗಳಿಗೆ ಅದೊಂದೇ ನಲ್ಲಿ. ನಲ್ಲಿಯ ಬುಡದಲ್ಲೇ ಚರಂಡಿ, ಚರಂಡಿಯಾಚೆ ಎರಡು ಕಕ್ಕಸು. ಬೆಳಿಗ್ಗೆ ನಲ್ಲಿ ಮೊದಲು ಕೆಮ್ಮುತ್ತಿತ್ತು, ಆಮೇಲೆ ಕಂದು ಬಣ್ಣದ್ದೇನನ್ನೋ ಉಗುಳುತ್ತಿತ್ತು, ಅದಾದ ಮೇಲೆ ನೀರು ಬಿಡುತ್ತಿತ್ತು. ಅಜ್ಜಿ ಅದನ್ನು ಬಟ್ಟೆಯಲ್ಲಿ ಸೋಸಿ, ದೊಡ್ಡ ಪಾತ್ರೆಯಲ್ಲಿ ಕುದಿಸಿ, ತಟ್ಟೆ ಮುಚ್ಚಿ ಆರಲಿಡುತ್ತಿದ್ದಳು. ವಸತಿಶಾಲೆಯೊಂದರ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ದುಡಿದವಳು ಅವಳು. ಒಂದು ವರ್ಷ ಅಲ್ಲಿ ಅರ್ಧಕ್ಕರ್ಧ ಮಕ್ಕಳು ವಾಂತಿಭೇದಿಯಿಂದ ಮಲಗಿಬಿಟ್ಟಿದ್ದರು. ಅಂದಿನಿಂದ ಕುದಿಯದ ನೀರೆಂದರೆ ಅವಳಿಗೆ ಹಾವನ್ನು ಕಂಡಂತೆ.

"ಇವಳು ಮಳೆ ನೀರನ್ನೂ ಕಾಯಿಸಿಯೇ ಭೂಮಿಗೆ ಬಿಡ್ತಾಳೆ" ಎಂದು ತಾತ ಅಣಕಿಸುತ್ತಿದ್ದ. ತಾತ ಹೊಸ್ತಿಲ ಬಳಿ ಕುಳಿತು ಬ್ಯಾಗುಗಳಿಗೆ ಜಿಪ್ಪು ಹಾಕಿಕೊಡುವವನು. ಬಾಯಿಯಲ್ಲಿ ಸೂಜಿ ಕಚ್ಚಿಕೊಂಡೇ ಮಾತಾಡುವುದು ಅವನಿಗೆ ರೂಢಿ.

ಗುಂಡನ ನೀರು ಕ್ಯಾನಿನಲ್ಲಿ ಬರುತ್ತಿತ್ತು. ಅಜ್ಜಿಯ ಮಗ, ಗುಂಡನ ಅಪ್ಪ, ಕೆಲಸ ಮಾಡುತ್ತಿದ್ದುದು ಕುಡಿಯುವ ನೀರು ತುಂಬುವ ಕಾರ್ಖಾನೆಯಲ್ಲಿ. ಕ್ಯಾನುಗಳ ಒಳಗೆ ಬ್ರಷ್ ಹಾಕಿ ತೊಳೆಯುವುದು, ತುಂಬುವುದು, ಮುಚ್ಚಳ ಒತ್ತುವುದು, ಮುಚ್ಚಳದ ಮೇಲೆ ಪ್ಲಾಸ್ಟಿಕ್ ಕವಚ ತೊಡಿಸಿ ಬಿಸಿಗಾಳಿ ಹಿಡಿದು ಅದು ಚರ್ಮದ ಹಾಗೆ ಅಂಟಿಕೊಳ್ಳುವಂತೆ ಮಾಡುವುದು ಅವನ ಕೆಲಸ. ಕೆಲಸಗಾರರಿಗೆ ವಾರಕ್ಕೊಂದು ಕ್ಯಾನು ಬಿಟ್ಟಿ. ಶನಿವಾರ ಸಂಜೆ ಅವನು ಅದನ್ನು ಹೆಗಲ ಮೇಲಿಟ್ಟುಕೊಂಡು ಓಣಿಯಲ್ಲಿ ಬರುತ್ತಿದ್ದರೆ, ನಲ್ಲಿಯ ಮುಂದೆ ಕೊಡ ಹಿಡಿದು ನಿಂತವರು ದಾರಿ ಬಿಡುತ್ತಿದ್ದರು. ಆ ಒಂದು ದಿನ, ಆ ನೂರು ಹೆಜ್ಜೆ, ಅವನ ಬೆನ್ನು ನೆಟ್ಟಗಿರುತ್ತಿತ್ತು.

ಒಂದು ಕ್ಯಾನು ಮನೆಮಂದಿಗೆಲ್ಲ ಎಲ್ಲಿ ಸಾಕು? ಅದಕ್ಕೇ ಅದು ಗುಂಡನದು. ಹಾಲಿನ ಪುಡಿ ಕಲಸಲು, ಬಾಟಲಿಯನ್ನು ಕೊನೆಗೊಮ್ಮೆ ಅಲುಗಾಡಿಸಿ ತೊಳೆಯಲು, ನಡುವೆ ಎರಡು ಚಮಚ ಬಾಯಿಗೆ ಬಿಡಲು. ಬೇರೆ ಯಾರೂ ಅದನ್ನು ಮುಟ್ಟುವ ಹಾಗಿರಲಿಲ್ಲ. ಒಮ್ಮೆ ತಾತ ಬಾಯಾರಿಕೆಯೆಂದು ಲೋಟ ಚಾಚಿದಾಗ ಅಜ್ಜಿ ಕೈಯ ಮೇಲೆ ಹೊಡೆದಿದ್ದಳು.

ಗುಂಡನಿಗೆ ಏಳು ತಿಂಗಳು. ಹುಟ್ಟಿದಾಗ ತೊಡೆಯಲ್ಲಿ ಮೂರು ಮೂರು ಮಡಿಕೆ ಇದ್ದುದರಿಂದ ಆ ಹೆಸರು. ಅವನಿಗೆ ನಾಲ್ಕು ತಿಂಗಳು ತುಂಬಿದಾಗ ಸೊಸೆ ಮತ್ತೆ ಗಾರ್ಮೆಂಟ್ಸ್‌ಗೆ ಹೋಗಬೇಕಾಯಿತು. ಅಲ್ಲಿ ಅವಳು ಅಂಗಿಯ ಕಾಲರು ಹೊಲಿಯುವವಳು. ಮೊದಲ ಕೆಲವು ವಾರ ಮಧ್ಯಾಹ್ನವಾಗುತ್ತಲೇ ಎದೆ ತುಂಬಿ ರವಿಕೆ ಒದ್ದೆಯಾಗುತ್ತಿತ್ತು. ಕಾಲರಿನ ಚೂರುಪಾರು ಬಟ್ಟೆಯನ್ನು ಮಡಿಚಿ ಒಳಗಿಟ್ಟುಕೊಳ್ಳುತ್ತಿದ್ದಳು. ಕಕ್ಕಸಿನಲ್ಲಿ ನಿಂತು ಹಾಲನ್ನು ಹಿಂಡಿ ಚೆಲ್ಲುತ್ತಿದ್ದಳು. ಆಮೇಲೆ ಚೆಲ್ಲಲೂ ಏನೂ ಬರಲಿಲ್ಲ. ಮನೆಗೆ ಹಾಲಿನ ಪುಡಿಯ ಡಬ್ಬ ಬಂತು.

ಮೊದಲ ಸಲ ಗುಂಡನ ಹೊಟ್ಟೆ ಕೆಟ್ಟಾಗ ಯಾರೂ ಅಷ್ಟು ತಲೆಕೆಡಿಸಿಕೊಳ್ಳಲಿಲ್ಲ.

"ಹಲ್ಲು ಬರ್ತಿರಬೇಕು" ಎಂದಳು ಅಜ್ಜಿ, ನಾಲ್ಕನೆಯ ಬಟ್ಟೆ ಬದಲಿಸುತ್ತ.

"ಮೇಲಿನ ಜಿಪ್ಪು ಸರಿಯಾಗಿದೆ, ಕೆಳಗಿನದು ಕಿತ್ತುಹೋಗಿದೆ ಕಣೋ ಗುಂಡ" ಎಂದ ತಾತ. "ತಾ ಇಲ್ಲಿ, ಹೊಸದು ಹಾಕ್ಕೊಡ್ತೀನಿ."

ಗುಂಡ ನಕ್ಕ. ಸೊಸೆ ನಗಲಿಲ್ಲ. ಕೆಲಸದಿಂದ ಬಂದವಳು ಚೀಲವನ್ನೂ ಇಳಿಸದೆ ಹಾಲಿನ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಅತ್ತೆ, ಈ ನಿಪ್ಪಲ್ಲಿನ ಒಳಗಡೆ ಕೈಹಾಕಿ ತೊಳೀತೀರಾ, ಸುಮ್ನೆ ನೀರಾಡಿಸ್ತೀರಾ?"

"ಉಪ್ಪು ಹಾಕಿ ಉಜ್ಜಿ ತೊಳೀತೀನಿ. ಆಮೇಲೆ ಗುಂಡನ ನೀರಲ್ಲಿ ಒಂದು ಸಲ ತೊಳೆದೇ ಹಾಲು ಹಾಕೋದು."

"ಮತ್ತೆ ಇದೇನು ಇಲ್ಲಿ ಬೆಳ್ಳಗೆ?"

"ಹಾಲು ಬೆಳ್ಳಗಲ್ದೆ ಕೆಂಪಗಿರುತ್ತಾ?" ಎಂದು ತಾತ ನಡುವೆ ಬಾಯಿ ಹಾಕಿದ.

"ಮಾವ, ನಿಮ್ಮ ಸೂಜಿ ನುಂಗ್ಬಿಟ್ಟೀರಿ, ಸುಮ್ನಿರಿ."

ನಾಲ್ಕು ದಿನಕ್ಕೆ ಸರಿಹೋಯಿತು. ಅಜ್ಜಿ ಹೊಸ ನಿಪ್ಪಲ್ ತಂದಳು. ಸೊಸೆಯೂ ತಣ್ಣಗಾದಳು.

ಅದರ ನಂತರದ ಶನಿವಾರ ಮಗ ಕ್ಯಾನು ತಂದಾಗ ಎಂದಿನಂತೆ ಅದನ್ನು ಸ್ಟೂಲಿನ ಮೇಲೆ ಕೂರಿಸಿ ಮೇಲೊಂದು ಏಟು ತಟ್ಟಲಿಲ್ಲ. ಬಾಗಿಲ ಮರೆಯಲ್ಲಿ ಇಳಿಸಿದ. ಊಟಕ್ಕೆ ಕುಳಿತವನು ತಟ್ಟೆಯನ್ನೇ ನೋಡುತ್ತಿದ್ದ.

"ಏನಾಯ್ತೋ, ಸಾಹುಕಾರ ಬೈದನಾ?" ಎಂದಳು ಅಜ್ಜಿ.

"ಇಲ್ಲ."

"ಮತ್ತೆ ಬೇಳೆ ಹಾಕಿಸ್ಕೊ, ನೀರು ಕುಡಿದ ಹಾಗೆ ಅನ್ನ ತಿನ್ನಬೇಡ."

ಸ್ವಲ್ಪ ಹೊತ್ತಿನ ಮೇಲೆ ಅವನೇ ಕೇಳಿದ. "ಅಮ್ಮ, ನೀನು ಎಲ್ಲಾ ನೀರನ್ನೂ ಕಾಯಿಸ್ತೀಯ ತಾನೇ?"

ಅಜ್ಜಿಗೆ ರೇಗಿತು. ಬೆಳಗಾಗೆದ್ದು ಸೋಸಿ, ಕುದಿಸಿ, ಆರಿಸಿ ಸೊಂಟ ಬಿದ್ದುಹೋಗಿರುವವಳನ್ನು ಹಿಡಿದು ಕೇಳುವ ಮಾತೇ ಇದು? "ಹೆಂಡತಿ ಹೇಳಿಕೊಟ್ಟಳಾ ಕೇಳು ಅಂತ? ನೀನು ಹುಟ್ಟಿದ ಮೇಲೆ ಕಾಯಿಸದೇ ಇರೋ ನೀರು ಒಂದು ಗುಟುಕು ನಿನ್ನ ಬಾಯಿಗೆ ಹಾಕಿದ್ದೀನಾ ಹೇಳು. ಹಾಕಿದ್ರೆ ನೀನಿಷ್ಟು ಎತ್ತರ ಬೆಳೀತಿದ್ಯಾ?"

"ಸರಿ ಬಿಡು. ಸುಮ್ನೆ ಕೇಳ್ದೆ."

ಅವನು ಕೈತೊಳೆಯಲು ಎದ್ದುಹೋದ. ಉಸಿರು ಬಿಟ್ಟದ್ದು ಅಜ್ಜಿಗೆ ಕೇಳಿಸಿತು. ಬೇಳೆ ಕಾರವಾಯಿತೇನೋ ಅಂದುಕೊಂಡಳು.

ಎರಡನೆಯ ಸಲ ಶುರುವಾದದ್ದು ಅದಾಗಿ ಐದು ದಿನಕ್ಕೆ. ಈ ಸಲ ಎಣಿಸುವ ಹಾಗಿರಲಿಲ್ಲ. ನೀರಿನ ಹಾಗೆ ಹೋಗುತ್ತಿತ್ತು. ಇದ್ದ ಬಟ್ಟೆಯೆಲ್ಲ ಹಗ್ಗದ ಮೇಲೇರಿತು, ತಾತನ ಹಳೆಯ ಪಂಚೆ ಹರಿದು ಚೌಕ ಚೌಕವಾಯಿತು. ನಲ್ಲಿಗೂ ಮನೆಗೂ ತಿರುಗಿ ತಿರುಗಿ ಅಜ್ಜಿಯ ಚಪ್ಪಲಿಯ ಬಾರು ಕಿತ್ತುಬಂತು. ಸೊಸೆ ಒಂದು ದಿನ ರಜೆ ಹಾಕಿದಳು. ಮಾರನೆಯ ದಿನ ಮೇಲ್ವಿಚಾರಕಿ, ಇನ್ನೊಂದು ರಜೆ ಅಂದರೆ ನಿನ್ನ ಮಿಷನ್ನಿಗೆ ಬೇರೆಯವರನ್ನು ಕೂರಿಸುತ್ತೇನೆ ಎಂದಳಂತೆ. ಆ ಸಂಜೆ ಅವಳು ಬಂದವಳೇ ಅಜ್ಜಿಯ ಮುಂದೆ ನಿಂತಳು.

"ಕೈ ತೋರ್ಸಿ ಅತ್ತೆ."

"ಏನು?"

"ಕೈ. ಉಗುರು ನೋಡ್ಬೇಕು."

ಅಜ್ಜಿ ಮಗನ ಕಡೆ ನೋಡಿದಳು. ಅವನು ಗುಂಡನನ್ನು ಹೆಗಲಿಗೆ ಹಾಕಿಕೊಂಡು ಗೋಡೆಯ ಕಡೆ ಮುಖಮಾಡಿ ತಟ್ಟುತ್ತಿದ್ದ. ಅವಳು ಕೈ ಚಾಚಿದಳು. ಸೊಸೆ ಒಂದೊಂದೇ ಬೆರಳು ಹಿಡಿದು ನೋಡಿದಳು, ಹೊಲಿಗೆಯ ದೋಷ ಹುಡುಕುವವರ ಹಾಗೆ.

"ಇದರಲ್ಲಿ ಏನಿದೆ? ಕಪ್ಪಗೆ?"

"ಪಾತ್ರೆ ತಿಕ್ಕಿದ್ದು. ಮಸಿ."

"ಈ ಮಸಿ ಕೈಯಲ್ಲೇ ಹಾಲು ಕಲಸೋದಾ? ಬಟ್ಟೆ ಒಗೆದ ಕೈಯಲ್ಲೇ?"

"ಸೋಪು ಹಾಕ್ತೀನಮ್ಮ. ಸೋಪು ಹಾಕಿ ತೊಳೀತೀನಿ."

"ನಾನು ಬೆಳಗಿಂದ ಸಂಜೆವರೆಗೆ ಮನೇಲಿರಲ್ಲ. ಮಗು ಬಾಯಿಗೆ ಹೋಗೋದೆಲ್ಲ ನಿಮ್ಮ ಕೈಯಿಂದಾನೇ ಹೋಗೋದು. ಬೇರೆ ಯಾರನ್ನ ಕೇಳಲಿ ನಾನು?"

"ನಿನ್ನ ಗಂಡನ್ನ ಸಾಕಿದ್ದೂ ಇದೇ ಕೈ."

"ಅವರ ಕತೆ ಬಿಡಿ. ಇವನ ತೊಡೆ ನೋಡಿ."

ಅಜ್ಜಿ ನೋಡಿದಳು. ತೊಡೆಯ ಮಡಿಕೆಗಳು ಹೋಗಿದ್ದವು. ಗಾಳಿ ಇಳಿದ ಬಲೂನಿನ ಹಾಗೆ ಚರ್ಮ ಜೋತಿತ್ತು. ಅವಳು ತಾತನ ಪೆಟ್ಟಿಗೆಯಿಂದ ಕತ್ತರಿ ತೆಗೆದುಕೊಂಡು ಹೊಸ್ತಿಲಲ್ಲಿ ಕುಳಿತಳು. ಹತ್ತೂ ಬೆರಳಿನ ಉಗುರುಗಳನ್ನು ರಕ್ತ ಜಿನುಗುವಷ್ಟು ಮೊಟಕು ಮಾಡಿಕೊಂಡಳು. ತಾತ ಒಮ್ಮೆ ನೋಡಿದವನು ಜಿಪ್ಪಿನ ಕಡೆ ಕಣ್ಣಿಳಿಸಿದ.

ಮಾರನೆಯ ದಿನ ಬಡಾವಣೆಯ ನರ್ಸಮ್ಮ ಬಂದಳು. ಗುಂಡನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಬಿಟ್ಟಳು. ಅದು ಮೆಲ್ಲಗೆ, ಮನಸ್ಸಿಲ್ಲದ ಹಾಗೆ, ಸ್ವಸ್ಥಾನಕ್ಕೆ ಹೋಯಿತು. ಚೀಲದಿಂದ ಪುಡಿಯ ಪೊಟ್ಟಣಗಳನ್ನು ತೆಗೆದು ಕೊಟ್ಟಳು.

"ಒಂದು ಪೊಟ್ಟಣ ಒಂದು ಲೀಟರಿಗೆ. ಚಮಚ ಚಮಚವಾಗಿ ಕುಡಿಸ್ತಾನೇ ಇರಿ. ವಾಂತಿ ಮಾಡಿದ್ರೂ ಬಿಡಬೇಡಿ. ಕಾಯಿಸಿ ಆರಿಸಿದ ನೀರಲ್ಲಿ ಬೆರೆಸ್ಬೇಕು. ಕಣ್ಣೀರು ಬರದೆ ಅತ್ರೆ, ನೆತ್ತಿ ಗುಳಿಬಿದ್ರೆ ನನಗೆ ಕಾಯಬೇಡಿ, ಆಸ್ಪತ್ರೆಗೆ ಓಡಿ."

"ಅವನಿಗೆ ಸೀಲ್ ಇರೋ ನೀರೇ ಕೊಡೋದಮ್ಮ" ಎಂದಳು ಅಜ್ಜಿ. ಆದರೆ ನರ್ಸಮ್ಮ ಆಗಲೇ ಪಕ್ಕದ ಬಾಗಿಲು ತಟ್ಟುತ್ತಿದ್ದಳು.

ಕಾಯಿಸಿ ಆರಿಸಿದ್ದು ಅನ್ನುವುದು ಕ್ಯಾನಿಲ್ಲದವರಿಗೆ ಹೇಳುವ ಮಾತು ಎಂದು ಅಜ್ಜಿಗೆ ತೋರಿತು. ನಲ್ಲಿಯ ನೀರನ್ನು ಎಷ್ಟು ಕುದಿಸಿದರೂ ಅದರ ಮಣ್ಣುವಾಸನೆ ಹೋಗುತ್ತಿರಲಿಲ್ಲ. ಅದನ್ನು ಕಾಯಿಲೆಯ ಮಗುವಿಗೆ ಕೊಡುವುದುಂಟೆ? ಅವಳು ಶನಿವಾರದ ಹೊಸ ಕ್ಯಾನಿನ ಕವಚವನ್ನು ಹಲ್ಲಲ್ಲಿ ಕಚ್ಚಿ ಹರಿದಳು. ತೊಳೆದ ಪಾತ್ರೆಗೆ ಅಳೆದು ನೀರು ಸುರಿದು, ಪುಡಿ ಬೆರೆಸಿ, ಮೇಲೆ ಬಟ್ಟೆ ಕಟ್ಟಿದಳು. ದಿನವಿಡೀ ತೊಡೆಯ ಮೇಲೆ ಹಾಕಿಕೊಂಡು ಚಮಚ ಚಮಚವಾಗಿ ಕುಡಿಸಿದಳು. ನೊಣ ಕೂರದಂತೆ ತಾತ ರಟ್ಟು ಬೀಸಿದ. ಗುಂಡ ಬಾಯಿ ತೆರೆದು ತೆರೆದು ಕುಡಿದ.

"ನೋಡು, ಹೇಗೆ ಕುಡೀತಾನೆ" ಎಂದು ಸಂಜೆ ಸೊಸೆಗೆ ತೋರಿಸಿದಳು. ಸೊಸೆ ಪಕ್ಕದಲ್ಲಿ ಕುಳಿತಳು. ಬಹಳ ದಿನದ ಮೇಲೆ ಅತ್ತೆಗೆ ಒಂದು ಲೋಟ ಚಹಾ ಮಾಡಿ ತಂದುಕೊಟ್ಟಳು.

"ನಿನ್ನೆ ಹಾಗೆ ಅನ್ನಬಾರದಿತ್ತು ಅತ್ತೆ."

"ಅಂದ್ರೆ ಅಂದೆ. ಉಗುರು ತಾನೇ, ಬೆಳೆಯುತ್ತೆ."

ಎರಡು ದಿನ ತಡೆಯಿತು. ಮೂರನೆಯ ದಿನ ಮತ್ತೆ ಹರಿಯತೊಡಗಿತು. ಅಜ್ಜಿ ಮತ್ತೆ ಪೊಟ್ಟಣ ಹರಿದಳು, ಮತ್ತೆ ಕ್ಯಾನು ಬಗ್ಗಿಸಿದಳು. ಹೀಗೆ ಒಂದು ವಾರ. ಮನೆಯಲ್ಲಿ ಅಡುಗೆ ಅನ್ನುವುದು ಗಂಜಿಗೆ ಇಳಿದಿತ್ತು. ಮಗನನ್ನು ಎರಡು ಸಲ ಕೂಗಿದರೂ ಓಗೊಡುತ್ತಿರಲಿಲ್ಲ. ಸೊಸೆ ಬೆಳಿಗ್ಗೆ ಹೊರಡುವಾಗ ಗುಂಡನ ಪಾದ ಹಿಡಿದು ನೋಡುತ್ತಿದ್ದಳು, ಬೆಚ್ಚಗಿದೆಯೇ ಎಂದು.

ಆ ಮಂಗಳವಾರ ಬೆಳಿಗ್ಗೆ ಪಾದ ಬೆಚ್ಚಗೇ ಇತ್ತು. ಹನ್ನೊಂದರ ಹೊತ್ತಿಗೆ ಗುಂಡ ಅತ್ತ. ಅಜ್ಜಿ ಕಣ್ಣೊರೆಸಲು ಸೆರಗು ತಂದಳು. ಒರೆಸಲು ಏನೂ ಇರಲಿಲ್ಲ. ನೆತ್ತಿಯ ಮೇಲೆ ಅಂಗೈ ಇಟ್ಟಳು. ಅಂಗೈಯಡಿ ಬಟ್ಟಲಿನಂಥ ಗುಳಿ.

"ಏಳ್ರೀ" ಎಂದಳು ತಾತನಿಗೆ. "ಅದನ್ನೆಲ್ಲ ಬಿಸಾಕಿ ಏಳಿ."

ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿಗೆ ಒಂದು ಸಾಲು, ಡಾಕ್ಟರಿಗೆ ಒಂದು ಸಾಲು. ತಾತ ಚೀಟಿಯ ಸಾಲಿನಲ್ಲಿ ನಿಂತು ಎಲ್ಲರಿಗೂ ಕೈಮುಗಿಯುತ್ತ ಮುಂದೆ ಮುಂದೆ ಹೋದ. ಕೆಲವರು ಬಿಟ್ಟರು, ಕೆಲವರು ತಮ್ಮ ಮಗುವನ್ನು ತೋರಿಸಿದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಗುಂಡನನ್ನು ನೋಡುತ್ತಲೇ ಎದ್ದು ನಿಂತಳು. ಸೂಜಿ ಹಿಡಿದ ನರ್ಸು ಕೈಯಲ್ಲಿ ನರ ಹುಡುಕಿದಳು, ಕಾಲಲ್ಲಿ ಹುಡುಕಿದಳು, ಕೊನೆಗೆ ತಲೆಯ ಕೂದಲು ಬೋಳಿಸಿ ಹುಡುಕಿದಳು.

"ಎಷ್ಟು ದಿನದಿಂದ?"

"ಬಿಟ್ಟು ಬಿಟ್ಟು ಒಂದು ತಿಂಗಳಾಯ್ತು ಡಾಕ್ಟ್ರಮ್ಮ."

"ನೀರು ಯಾವುದು ಕೊಡ್ತಿದ್ರಿ?"

"ಒಳ್ಳೆ ನೀರೇ ತಾಯಿ. ಕ್ಯಾನಿಂದು, ಸೀಲ್ ಇರೋದು. ನಾವೆಲ್ಲ ನಲ್ಲಿ ನೀರು ಕಾಯಿಸ್ಕೊಂಡು ಕುಡೀತೀವಿ. ಇವನಿಗೆ ಮಾತ್ರ ಸೀಲ್ ನೀರು, ಹಾಗೇ ಕೊಡೋದು."

ಹಿಂದಿನಿಂದ ಹೆಜ್ಜೆ ಸದ್ದಾಯಿತು. ಅಜ್ಜಿ ತಿರುಗಿ ನೋಡಿದಳು. ಯಾರು ಸುದ್ದಿ ಮುಟ್ಟಿಸಿದ್ದರೋ, ಮಗ ಬಾಗಿಲಲ್ಲಿ ನಿಂತಿದ್ದ. ಕಾರ್ಖಾನೆಯ ರಬ್ಬರ್ ಬೂಟು ಹಾಗೇ ಇತ್ತು ಕಾಲಲ್ಲಿ. "ಹಾಗೇನಾ?" ಎಂದ. "ಹಾಗೇನಾ ಅಮ್ಮ?"

ಮಗು ಮಧ್ಯಾಹ್ನ ಮೂರು ಗಂಟೆಗೆ ತೀರಿಕೊಂಡಿತು. ಸೊಸೆ ಬಂದು ಮುಟ್ಟಿದ್ದು ಮೂರೂವರೆಗೆ. ಗಾರ್ಮೆಂಟ್ಸ್‌ನಿಂದ ಹೊರಬಿಡುವ ಗೇಟುಚೀಟಿಗೆ ಸಹಿ ಹಾಕಬೇಕಾದವಳು ಊಟಕ್ಕೆ ಹೋಗಿದ್ದಳಂತೆ.

ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ, ಇನ್ನೂ ಯಾರೂ ಬಾರದ ಹೊತ್ತಿನಲ್ಲಿ, ಅಜ್ಜಿ ಕೊಡ ಹಿಡಿದು ನಲ್ಲಿಗೆ ಹೋದಳು. ಮಗ ಅಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ.

"ನಾನು ಕೇಳಿದ್ದೆ ನಿನ್ನ" ಎಂದ. "ಎಲ್ಲಾ ನೀರೂ ಕಾಯಿಸ್ತೀಯಾ ಅಂತ ಕೇಳಿದ್ದೆ. ಕಾಯಿಸ್ತೀನಿ ಅಂದೆ."

"ಸೀಲ್ ಹಾಕಿದ್ದನ್ನ ಯಾರಪ್ಪ ಕಾಯಿಸ್ತಾರೆ? ಅದಕ್ಕೆ ತಾನೇ ಸೀಲು?"

"ಫಿಲ್ಟರ್ ಯಂತ್ರ ನಿಂತು ಒಂದು ತಿಂಗಳ ಮೇಲಾಯ್ತು. ಬಾವಿ ನೀರಿಗೇ ಪೈಪು ಕೊಟ್ಟು ತುಂಬ್ತಿದ್ದೀವಿ. ಬಾವಿ ಪಕ್ಕದಲ್ಲೇ ಕಕ್ಕಸು ಗುಂಡಿ. ಎರಡು ದಿನ ಅಂದ ಸಾಹುಕಾರ, ಆಮೇಲೆ ಎರಡು ವಾರ ಅಂದ. ಬಾಯಿಬಿಟ್ಟವನು ಗೇಟಿನಾಚೆ ಅಂದ."

ಅಜ್ಜಿ ಕೊಡವನ್ನು ಕಟ್ಟೆಯ ಮೇಲಿಟ್ಟಳು.

"ಮತ್ತೆ ಯಾಕೆ ತಂದೆ?"

ಅವನು ಕಟ್ಟೆಯ ಪಾಚಿಯನ್ನು ಉಗುರಿನಿಂದ ಕೆರೆದ. "ತರದಿದ್ರೆ ಯಾಕೆ ತಂದಿಲ್ಲ ಅಂತ ಕೇಳ್ತಿದ್ರಿ. ನೀನು ಕಾಯಿಸ್ತೀಯ ಅಂದ್ಕೊಂಡೆ. ನೀನು ಎಲ್ಲಾನೂ ಕಾಯಿಸ್ತೀಯ ಅಂತ ಧೈರ್ಯ ಇತ್ತು."

"ಅವಳು ನನ್ನ ಕೈ ಹಿಡಿದು ಉಗುರು ನೋಡಿದಾಗ ನೀನು ಅಲ್ಲೇ ಇದ್ದೆ."

"ಇದ್ದೆ."

ನಲ್ಲಿ ಕೆಮ್ಮಿತು. ಕಂದು ನೀರು ಬಂತು. ಇಬ್ಬರೂ ಅದನ್ನೇ ನೋಡಿದರು.

"ಅವಳಿಗೆ ಹೇಳಬೇಡ" ಎಂದಳು ಅಜ್ಜಿ ಕೊನೆಗೆ. "ನನ್ನ ಕೈಯಿಂದ ಆಯ್ತು ಅಂದ್ಕೊಂಡಿದ್ದಾಳೆ. ಹಾಗೇ ಇರಲಿ. ನಾನಿನ್ನೆಷ್ಟು ದಿನ ಇರ್ತೀನಿ. ನೀವಿಬ್ಬರು ಬಾಳಬೇಕಾದವರು."

ಸೊಸೆ ಹಾಗೆ ಅಂದುಕೊಂಡಿದ್ದು ನಿಜವಾಗಿತ್ತು. ಅವಳು ಬೈಯಲಿಲ್ಲ, ಅದೇ ಕಷ್ಟ. ಅಜ್ಜಿ ಬಡಿಸಿದ ತಟ್ಟೆಯನ್ನು ಮುಟ್ಟುತ್ತಿರಲಿಲ್ಲ. ತಾನೇ ಒಲೆ ಹಚ್ಚಿ ಒಂದು ಹಿಡಿ ಅಕ್ಕಿ ಬೇಯಿಸಿಕೊಳ್ಳುತ್ತಿದ್ದಳು. ಅಜ್ಜಿ ಮುಟ್ಟಿದ ಲೋಟವನ್ನು ಮತ್ತೊಮ್ಮೆ ತೊಳೆಯುತ್ತಿದ್ದಳು. ಒಂದು ದಿನ ತಾತ, "ಅವಳು ನಿನ್ನ ಶತ್ರುವಲ್ಲ ಕಣಮ್ಮ" ಎಂದ.

"ನಾನು ಹಾಗಂದ್ನಾ ಮಾವ? ನನಗೆ ಊಟ ಸೇರಲ್ಲ, ಅಷ್ಟೇ."

ಮಗ ಕೆಲಸಕ್ಕೆ ಹೋಗುತ್ತಿದ್ದ, ಬರುತ್ತಿದ್ದ. ಆ ಶನಿವಾರ ಕ್ಯಾನು ತರಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ. ಹಳೆಯ ಕ್ಯಾನು ಮುಕ್ಕಾಲು ತುಂಬಿದ್ದು ಹಾಗೇ ಸ್ಟೂಲಿನ ಮೇಲಿತ್ತು. ಅದನ್ನು ಚೆಲ್ಲಿದರೆ ಸೊಸೆ ಕಾರಣ ಕೇಳುತ್ತಾಳೆಂದು ಅಜ್ಜಿ ಮುಟ್ಟಿರಲಿಲ್ಲ.

ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಎದುರು ಕೋಣೆಯ ಇಸ್ತ್ರಿಯವಳು ಬಾಗಿಲಲ್ಲಿ ನಿಂತಳು. ಕಂಕುಳಲ್ಲಿ ಐದು ತಿಂಗಳ ಹೆಣ್ಣುಮಗು, ಇನ್ನೊಂದು ಕೈಯಲ್ಲಿ ಖಾಲಿ ತಪ್ಪಲೆ. ಮಗ ಹೊಸ್ತಿಲಲ್ಲಿ ಕುಳಿತು ಷೂ ಲೇಸು ಕಟ್ಟುತ್ತಿದ್ದ. ಸೊಸೆ ಒಳಗೆ ಕನ್ನಡಿಯ ಮುಂದೆ ಜಡೆ ಹೆಣೆದುಕೊಳ್ಳುತ್ತಿದ್ದಳು.

"ಅಜ್ಜಿ, ಕೇಳೋಕೆ ಬಾಯಿ ಬರಲ್ಲ" ಎಂದಳು ಇಸ್ತ್ರಿಯವಳು ದನಿ ತಗ್ಗಿಸಿ. "ಇವಳಿಗೂ ನಿನ್ನೆಯಿಂದ ಹೊಟ್ಟೆ ಸರಿಯಿಲ್ಲ. ನಲ್ಲಿ ನೀರು ಕೊಡೋಕೆ ಭಯ. ಆ ಸೀಲ್ ನೀರು ಹೇಗೂ ಹಾಗೇ ನಿಂತಿದೆ. ಒಂದು ತಪ್ಪಲೆ..."

"ಕೊಡಿ ಅತ್ತೆ" ಎಂದಳು ಸೊಸೆ ಒಳಗಿನಿಂದ. ಎರಡು ವಾರದಲ್ಲಿ ಅತ್ತೆಗೆ ಅವಳಾಡಿದ ಮೊದಲ ಮಾತು ಅದು. "ಇನ್ಯಾರಿಗೆ ಇಟ್ಕೊಳ್ಳೋಣ?"

ಇಸ್ತ್ರಿಯವಳು ಒಳಗೆ ಬಂದು ಸ್ಟೂಲಿನ ಪಕ್ಕ ತಪ್ಪಲೆ ಇಟ್ಟಳು. ಮಗು ತನ್ನ ಮುಷ್ಟಿಯನ್ನೇ ಚೀಪುತ್ತಿತ್ತು. ಅದರ ತೊಡೆಯಲ್ಲಿ ಇನ್ನೂ ಮಡಿಕೆಗಳಿದ್ದವು.

ಅಜ್ಜಿ ಮಗನ ಬೆನ್ನು ನೋಡಿದಳು. ಅವನ ಬೆರಳುಗಳು ಲೇಸಿನ ಮೇಲೆ ನಿಂತಿದ್ದವು. ಅವನು ಈಗ ಒಂದು ಮಾತು ಹೇಳಬಹುದಾಗಿತ್ತು. ಅಜ್ಜಿ ಕಾದಳು. ಇಸ್ತ್ರಿಯವಳು ಕ್ಯಾನಿನ ಕೊರಳಿಗೆ ಕೈಹಾಕಿದಳು.

"ಬೇಡ" ಎಂದಳು ಅಜ್ಜಿ. "ಆ ನೀರು ಬೇಡ."

"ಯಾಕಜ್ಜಿ? ನಾನು ಬೇಕಾದ್ರೆ ತಿರುಗಿ..."

"ಅದು ಕೆಟ್ಟ ನೀರು. ನಲ್ಲಿ ನೀರನ್ನ ಕುದಿಸಿ, ಆರಿಸಿ ಕೊಡು. ಇರು, ನಮ್ಮ ಪಾತ್ರೆಯಲ್ಲಿ ಕಾಯಿಸಿದ್ದಿದೆ, ಅದನ್ನ ತಗೊಂಡು ಹೋಗು. ಈ ಕಂಪನಿ ಕ್ಯಾನು ಯಾರ ಮನೇಲಿದ್ರೂ ಮಗೂಗೆ ಹಾಗೇ ಕೊಡಬೇಡ ಅಂತ ಹೇಳು."

ಅಜ್ಜಿಯೇ ತಪ್ಪಲೆ ತೆಗೆದುಕೊಂಡು ಕಾಯಿಸಿದ ನೀರು ತುಂಬಿ ಅವಳ ಕೈಗಿಟ್ಟಳು. ಇಸ್ತ್ರಿಯವಳು ಒಬ್ಬೊಬ್ಬರ ಮುಖವನ್ನೂ ನೋಡಿ, ತುಳುಕದಂತೆ ಹೆಜ್ಜೆಯಿಡುತ್ತ ಓಣಿ ದಾಟಿದಳು.

ಒಳಗೆ ಜಡೆ ಅರ್ಧಕ್ಕೆ ನಿಂತಿತ್ತು. ಸೊಸೆ ಬಂದು ಕ್ಯಾನಿನ ಮುಂದೆ ನಿಂತಳು. ಅದರಾಚೆಗಿನ ಗೋಡೆ, ಗೋಡೆಯ ಮೊಳೆ, ಮೊಳೆಗೆ ನೇತುಹಾಕಿದ ಗುಂಡನ ಟೋಪಿ, ಎಲ್ಲವೂ ನೀರಿನ ಮೂಲಕ ಸ್ವಚ್ಛವಾಗಿ ಕಾಣುತ್ತಿದ್ದವು.

"ಇದು ಕೆಟ್ಟ ನೀರು ಅಂತ ನಿಮಗೆ ಯಾರು ಹೇಳಿದ್ರು ಅತ್ತೆ?"

ಅಜ್ಜಿ ತನ್ನ ಕೈಗಳನ್ನು ಸೆರಗಿನಲ್ಲಿ ಒರೆಸಿಕೊಂಡಳು. ಉಗುರುಗಳನ್ನು ಅವಳು ಈಗಲೂ ಬುಡಕ್ಕೇ ಕತ್ತರಿಸಿಕೊಳ್ಳುತ್ತಿದ್ದಳು.

ಸೊಸೆ ಅವಳ ಉತ್ತರಕ್ಕೆ ಕಾಯಲಿಲ್ಲ. ಹೊಸ್ತಿಲ ಕಡೆ ತಿರುಗಿದಳು.

"ರೀ" ಎಂದಳು. "ಯಾವತ್ತಿಂದ?"

ಅವನು ಲೇಸು ಕಟ್ಟಿ ಮುಗಿಸಿದ. ಬಿಚ್ಚಿದ. ಮತ್ತೆ ಕಟ್ಟತೊಡಗಿದ.